ಇಳಿಸುವಾಗಲೂ ಹಗ್ಗ ಬಿಡಬಾರದು: ಶ್ರೋಣಿತಳದ ಚಿಕಿತ್ಸೆಯಲ್ಲಿ ನನ್ನ ಅನುಭವ

ಉಡುಪಿಯಲ್ಲಿ ಫಿಸಿಯೋಥೆರಪಿಸ್ಟ್ ಆಗಿ ಕೆಲಸ ಆರಂಭಿಸಿದ ಮೊದಲ ವರ್ಷಗಳಲ್ಲಿ ನನ್ನ ಬಳಿ ಬರುತ್ತಿದ್ದ ಮಹಿಳೆಯರು ಹೇಳುತ್ತಿದ್ದದ್ದು ಸೊಂಟನೋವು ಇಲ್ಲವೇ ಮಂಡಿನೋವು. ಹಿರಿಯಡಕದ ಕಡೆಯಿಂದ ಬರುತ್ತಿದ್ದ, ಬೀಡಿ ಕಟ್ಟುವ ಅಮ್ಮ ಒಬ್ಬರೂ ಮಂಡಿಗೆಂದೇ ಬಂದವರು. ಚಿಕಿತ್ಸೆ ಮುಗಿದು, ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತಾ, ತಗ್ಗಿದ ದನಿಯಲ್ಲಿ, "ಇನ್ನೊಂದು ಉಂಟು ಮೇಡಂ, ಕೆಮ್ಮಿದರೆ ಮೂತ್ರ ನಿಲ್ಲುದಿಲ್ಲ" ಎಂದರು. ಹೊಗೆಸೊಪ್ಪಿನ ದೂಳಿನಿಂದ ಅವರಿಗೆ ದಿನವಿಡೀ ಕೆಮ್ಮು. ಎರಡನೆಯ ಹೆರಿಗೆಯಾದಂದಿನಿಂದ, ಅಂದರೆ 18 ವರ್ಷಗಳಿಂದ, ಹಳೆಯ ಪಂಚೆಯ ತುಂಡನ್ನು ಮಡಚಿ ಸೀರೆಯೊಳಗೆ ಇಟ್ಟುಕೊಳ್ಳುತ್ತಿದ್ದರು. ಮನೆಯಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ.

ನಾನು ಮಾಡಿದ ತಪ್ಪನ್ನು ಇಲ್ಲಿಯೇ ಹೇಳಬೇಕು. ಅವರಿಗೆ ಮುದ್ರಿತ ಹಾಳೆಯೊಂದನ್ನು ಕೊಟ್ಟು, "ಮೂತ್ರ ತಡೆಯುವ ಹಾಗೆ ಬಿಗಿಹಿಡಿದು ಬಿಡಿ" ಎಂದು ಬಾಯಲ್ಲಿ ಹೇಳಿ ಕಳುಹಿಸಿದೆ. ತಿಂಗಳು ಕಳೆದು ಬಂದಾಗ ತೊಂದರೆ ಹೆಚ್ಚಾಗಿತ್ತು. ಅವರ ಒಪ್ಪಿಗೆ ಪಡೆದು, ಬಾಗಿಲಿಗೆ ಚಿಲಕ ಹಾಕಿ, ಕೈಗವಸು ತೊಟ್ಟು ಬೆರಳಿನಿಂದ ಪರೀಕ್ಷಿಸಿದಾಗ ಕಾರಣ ತಿಳಿಯಿತು: ಬಿಗಿಹಿಡಿಯಿರಿ ಎಂದಾಗ ಅವರು ಉಸಿರು ಕಟ್ಟಿ, ಹೊಟ್ಟೆ ಗಟ್ಟಿ ಮಾಡಿ ಕೆಳಕ್ಕೆ ತಿಣುಕುತ್ತಿದ್ದರು. ಮೇಲೇರಬೇಕಾದ ಶ್ರೋಣಿತಳದ, ಅಂದರೆ ಸೊಂಟದ ತಳಭಾಗದ, ಸ್ನಾಯುವನ್ನು ದಿನಕ್ಕೆ ಮೂರು ಬಾರಿ ಕೆಳಗೆ ತಳ್ಳಿಸುವ ವ್ಯಾಯಾಮವನ್ನು ನಾನೇ ಕೊಟ್ಟಂತಾಗಿತ್ತು. ಅಮೆರಿಕದ ಸ್ತ್ರೀರೋಗತಜ್ಞ ಆರ್ನಾಲ್ಡ್ ಕೆಗಲ್ 1948ರಲ್ಲಿ ಈ ವ್ಯಾಯಾಮದ ಬಗ್ಗೆ ಬರೆದಾಗ, ರೋಗಿಯ ಸ್ನಾಯುವಿನ ಒತ್ತಡವನ್ನು ತೋರಿಸುವ ಉಪಕರಣವನ್ನೂ ಬಳಸಿದ್ದರು. ಕೆಗಲ್ ವ್ಯಾಯಾಮ ಎಂದು ಅವರ ಹೆಸರು ಉಳಿದುಕೊಂಡಿತು, ಸ್ನಾಯು ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡುವ ಆ ಅಭ್ಯಾಸ ಮಾತ್ರ ಎಷ್ಟೋ ಕಡೆ ಬಿಟ್ಟುಹೋಯಿತು.

ಕಿಬ್ಬೊಟ್ಟೆಯ ಕೆಳಗೆ ಮುಂದಿರುವ ಪ್ಯೂಬಿಕ್ ಎಲುಬಿನಿಂದ ಹಿಂದಿನ ಬಾಲದೆಲುಬಿನವರೆಗೆ ಜೋಲಿಯಂತೆ ಹರಡಿಕೊಂಡಿರುವ ಈ ಸ್ನಾಯುಗಳು ಮೂತ್ರಕೋಶ, ಗರ್ಭಕೋಶ ಮತ್ತು ಗುದನಾಳಕ್ಕೆ ಕೆಳಗಿನಿಂದ ಆಧಾರ ಕೊಡುತ್ತವೆ. ಉಸಿರು ಒಳಗೆಳೆದಾಗ ವಪೆಯೊಂದಿಗೆ (ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಇವೂ ತುಸು ಕೆಳಗಿಳಿಯುತ್ತವೆ, ಉಸಿರು ಬಿಟ್ಟಾಗ ಮೇಲೇರುತ್ತವೆ. ಇದನ್ನು ಆ ಅಮ್ಮನಿಗೆ ಹೇಗೆ ತಿಳಿಸುವುದೆಂದು ಯೋಚಿಸುತ್ತಿದ್ದಾಗ ಅವರ ಮನೆಯ ಬಾವಿಯ ಮಾತು ಬಂತು. "ಕೊಡಪಾನ ಎಳೆಯುವ ಹಾಗೆ ಮೆಲ್ಲ ಮೇಲೆ ತನ್ನಿ ಅಮ್ಮ, ಇಳಿಸುವಾಗಲೂ ಹಗ್ಗ ಬಿಡಬೇಡಿ" ಎಂದೆ. ಕುರ್ಚಿಯ ಮೇಲೆ ಸುರುಳಿ ಸುತ್ತಿದ ಬೈರಾಸನ್ನು (ಟವೆಲ್) ಇಟ್ಟು ಅದರ ಮೇಲೆ ಕೂರಿಸಿದೆ. ಗುದದಿಂದ ಗಾಳಿ ಹೋಗದಂತೆ ತಡೆಯುವ ಹಾಗೆ ಹಿಂದಿನಿಂದ ಆರಂಭಿಸಿ ಮುಂದಕ್ಕೆ, ಉಸಿರು ಬಿಡುತ್ತಾ ಎತ್ತಬೇಕು. ಮೂರನೆಯ ಪ್ರಯತ್ನದಲ್ಲಿ ಅವರ ಹುಬ್ಬುಗಳು ಸಡಿಲಾದವು, ತೊಡೆಗಳ ಬಿಗಿತ ಹೋಯಿತು. "ಈಗ ಬೈರಾಸಿನಿಂದ ಎದ್ದ ಹಾಗೆ ಆಯಿತು" ಎಂದು ಅವರೇ ಹೇಳಿದರು.

ಆ ನಂತರ ಎಂಟು ಸಲ ಎತ್ತಿ ಇಳಿಸುವುದು, ದಿನಕ್ಕೆ ಮೂರು ಹೊತ್ತು, ಕನಿಷ್ಠ ಮೂರು ತಿಂಗಳು. ಜೊತೆಗೆ, ಕೆಮ್ಮು ಬರುತ್ತದೆ ಎಂದು ತಿಳಿದ ಕ್ಷಣವೇ ಮೊದಲು ಎತ್ತಿ ಹಿಡಿದು ಆಮೇಲೆ ಕೆಮ್ಮುವುದನ್ನು ಕಲಿಸಿದೆ. ಅವರಿಗೆ ಎಲ್ಲಕ್ಕಿಂತ ಬೇಗ ಉಪಯೋಗಕ್ಕೆ ಬಂದದ್ದು ಇದೇ. ಮೂತ್ರ ಹೋಗುತ್ತಿರುವಾಗ ನಡುವೆ ತಡೆದು ಅಭ್ಯಾಸ ಮಾಡಬಾರದೆಂದೂ ತಿಳಿಸಿದೆ, ಏಕೆಂದರೆ ಅದರಿಂದ ಮೂತ್ರಕೋಶ ಪೂರ್ತಿ ಖಾಲಿಯಾಗದೆ ಉಳಿಯಬಹುದು. ಮೂರು ದಿನ ಎಷ್ಟು ಲೋಟ ನೀರು ಕುಡಿದರು, ಎಷ್ಟು ಸಲ ಹೋದರು, ಯಾವಾಗ ಒದ್ದೆಯಾಯಿತು ಎಂದು ಮಗಳ ಹಳೆಯ ಶಾಲಾ ಪುಸ್ತಕದಲ್ಲಿ ಬರೆದು ತಂದರು. ನೋಡಿದರೆ ದಿನಕ್ಕೆ ಮೂರು ಲೋಟ ನೀರು! ಸಾವಿರ ಬೀಡಿಯ ಲೆಕ್ಕ ಮುಗಿಯುವವರೆಗೆ ಏಳಬಾರದೆಂದು ನೀರನ್ನೇ ಬಿಟ್ಟಿದ್ದರು. ಮೂತ್ರ ಗಾಢವಾದರೆ ಅವಸರ ಹೆಚ್ಚಬಹುದು. ನೀರು ಸಾಲದೆ ಮಲಬದ್ಧತೆಯಾಗಿ ತಿಣುಕಿದರೆ ಶ್ರೋಣಿತಳ ಇನ್ನಷ್ಟು ಜಗ್ಗುತ್ತದೆ.

ಎಲ್ಲರಿಗೂ ಬಿಗಿಯುವ ವ್ಯಾಯಾಮ ಬೇಕಿಲ್ಲ ಎಂಬುದನ್ನು ನನಗೆ ಕಲಿಸಿದವರು ಮಂಗಳೂರಿನಿಂದ ಬಂದ ಒಬ್ಬ ಬಾಣಂತಿ. ಮೊಬೈಲಿನಲ್ಲಿ ನೋಡಿ ದಿನಕ್ಕೆ ನೂರು ಸಲ ಬಿಗಿಹಿಡಿಯುತ್ತಿದ್ದ ಆಕೆಗೆ ಗಂಡನ ಜೊತೆ ಸೇರುವಾಗ ತಡೆಯಲಾರದ ನೋವು, ಮೂತ್ರ ಹೊರಡಲು ಕಷ್ಟ. ಅವಳ ಸ್ನಾಯುಗಳು ದುರ್ಬಲವಾಗಿರಲಿಲ್ಲ, ಬಿಡುವುದನ್ನೇ ಮರೆತಿದ್ದವು. ಬಿಗಿಯುವುದನ್ನು ಪೂರ್ತಿ ನಿಲ್ಲಿಸಿ, ಕಾಲುಗಳನ್ನು ಕುರ್ಚಿಯ ಮೇಲಿಟ್ಟು ಮಲಗಿ ನಿಧಾನವಾಗಿ ಹೊಟ್ಟೆಯವರೆಗೆ ಉಸಿರೆಳೆಯುವುದು, ಕಮೋಡಿನಲ್ಲಿ ಕೂರುವಾಗ ಪಾದಗಳಡಿ ಮಣೆ ಇಡುವುದು, ಇಷ್ಟರಿಂದ ಆರಂಭಿಸಿದೆ. "ಸಹಿಸಿಕೋ, ಹೆತ್ತವರಿಗೆಲ್ಲ ಇದ್ದದ್ದೇ" ಎಂದು ಆಕೆಗೆ ಮನೆಯವರು ಹೇಳಿದ್ದರಂತೆ. ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಸಾಮಾನ್ಯವಾಗಿ ಕಾಣುವ ತೊಂದರೆಯೆಂದ ಮಾತ್ರಕ್ಕೆ ಅದನ್ನು ಹೊತ್ತು ಬದುಕಬೇಕಾಗಿಲ್ಲ.

ಮೂತ್ರದಲ್ಲಿ ರಕ್ತ, ಜ್ವರದೊಂದಿಗೆ ಉರಿ, ಅಥವಾ ಗರ್ಭಕೋಶ ಹೊರಗೆ ಜಾರಿದಂತೆ ಗಂಟು ಕಂಡರೆ ನಾನು ಮೊದಲು ವೈದ್ಯರ ಬಳಿಗೇ ಕಳುಹಿಸುತ್ತೇನೆ.

ಹಿರಿಯಡಕದ ಅಮ್ಮನಿಗೆ ಮೂರು ತಿಂಗಳಲ್ಲಿ ಎಲ್ಲವೂ ಗುಣವಾಯಿತೆಂದು ಹೇಳಲಾರೆ. ಜೋರಾದ ಸೀನಿಗೆ ಈಗಲೂ ಎರಡು ಹನಿ ಹೋಗುತ್ತದೆ. ಮನೆಯಲ್ಲಿ ಬಟ್ಟೆ ಇಡುವುದನ್ನು ಬಿಟ್ಟಿದ್ದಾರೆ, ಬಸ್ಸು ಹತ್ತುವ ದಿನ ಮಾತ್ರ ಇಟ್ಟುಕೊಳ್ಳುತ್ತಾರೆ. ಕಳೆದ ಸಲ ಬಂದಾಗ ನೆರೆಮನೆಯ ಅಕ್ಕನನ್ನೂ ಕರೆತಂದಿದ್ದರು. ಆ ಅಕ್ಕ ಚೀಟಿಯಲ್ಲಿ ಬರೆಸಿದ್ದು ಸೊಂಟನೋವು ಎಂದು.