ನೀವಿಲ್ಲದ ದಿನವೂ ಓಡುವ ಟೀಮ್: ಕಟ್ಟುವುದು ಹೇಗೆ?

ಶನಿವಾರ ಬೆಳಿಗ್ಗೆ ಕೊಡಗಿನ ಕುಶಾಲನಗರದಲ್ಲಿ ನಿಂತು ನೋಡಿ. ಬೆಂಗಳೂರಿನ ಕಂಪನಿ ಬಸ್ಸುಗಳು ಒಂದರ ಹಿಂದೆ ಒಂದು ಬರುತ್ತವೆ. ಎಲ್ಲರಿಗೂ ಒಂದೇ ಬಣ್ಣದ ಟೀ-ಶರ್ಟ್. ದುಬಾರೆಯಲ್ಲಿ ರಾಫ್ಟಿಂಗ್, ರಾತ್ರಿ ಕ್ಯಾಂಪ್‌ಫೈರ್, ಭಾನುವಾರ ವಾಪಸ್. ಇದಕ್ಕೆ ಟೀಮ್ ಬಿಲ್ಡಿಂಗ್ ಅಂತ ಹೆಸರು. ಒಳ್ಳೆಯದೇ, ನಮ್ಮೂರಿಗೂ ನಾಲ್ಕು ಕಾಸು ಬರುತ್ತದೆ. ಆದರೆ ಆ ನಲವತ್ತು ಜನಕ್ಕೆ ರೂಮ್ ಕೊಟ್ಟು, ಅಡುಗೆ ಮಾಡಿ, ಬಿಸಿನೀರು ಒದಗಿಸುವ ಹತ್ತು ಹನ್ನೆರಡು ಜನರಿದ್ದಾರಲ್ಲ, ಅವರು ಒಂದು ಟೀಮ್ ಆಗಿದ್ದಾರಾ ಅಂತ ಯಾರೂ ಕೇಳುವುದಿಲ್ಲ.

ಹೋಮ್‌ಸ್ಟೇ, ಸಣ್ಣ ರೆಸಾರ್ಟ್, ಕಾಫಿ ತೋಟ, ಸೊಸೈಟಿ, ಅಂಗಡಿ, ಏನೇ ನಡೆಸುತ್ತಿದ್ದರೂ ಈ ಕೆಳಗಿನದನ್ನು ಒಂದೊಂದಾಗಿ ಮಾಡಿ ನೋಡಬಹುದು. ದುಡ್ಡಿನ ಖರ್ಚು ಹೆಚ್ಚುಕಡಿಮೆ ಇಲ್ಲವೇ ಇಲ್ಲ.

ಮೊದಲು, ಎಲ್ಲರೂ ಸೇರಿಯೇ ಮಾಡಬೇಕಾದ ಕೆಲಸ ಯಾವುದು ನೋಡಿ

"ಅತಿಥಿಗಳಿಗೆ ಒಳ್ಳೆಯ ಸೇವೆ ಕೊಡಬೇಕು" ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಕೈಗೆ ಸಿಗುವಂಥ ಗುರಿ ಬೇಕು. ಉದಾಹರಣೆಗೆ, ಚೆಕ್-ಔಟ್ ಬೆಳಿಗ್ಗೆ 11ಕ್ಕೆ, ಚೆಕ್-ಇನ್ ಮಧ್ಯಾಹ್ನ 1ಕ್ಕೆ ಅಂತಿಟ್ಟುಕೊಳ್ಳಿ. ನಡುವೆ ಇರುವುದು ಎರಡೇ ಗಂಟೆ. ಆ ಎರಡು ಗಂಟೆಯಲ್ಲಿ ಏನಾಗುತ್ತದೆ ಅಂತ ಒಂದು ಭಾನುವಾರ ಸುಮ್ನೆ ಕೂತು ಗಮನಿಸಿ. ನಾಲ್ಕನೇ ರೂಮಿನವರು ಒಂಬತ್ತಕ್ಕೇ ಹೊರಟುಹೋಗಿರುತ್ತಾರೆ. ಅದು ರಿಸೆಪ್ಷನ್‌ಗೆ ಗೊತ್ತು, ರೂಮ್ ಕ್ಲೀನ್ ಮಾಡುವವರಿಗೆ ಗೊತ್ತಿಲ್ಲ. ಅವರು ಹಿತ್ತಲಲ್ಲಿ ಬೆಡ್‌ಶೀಟ್ ಒಣಗಲಿ ಅಂತ ಕಾಯುತ್ತಿರುತ್ತಾರೆ. ಹೊಸಬರು ಮಗು ಮಲಗಬೇಕು, ಬೇಗ ರೂಮ್ ಕೊಡಿ ಅಂತ 12ಕ್ಕೇ ಬಂದು ನಿಲ್ಲುತ್ತಾರೆ. ಆಮೇಲೆ ಶುರು, ಅವನು ಹೇಳಲಿಲ್ಲ, ಇವಳು ಕೇಳಲಿಲ್ಲ.

ಇಲ್ಲಿ ಯಾರೂ ಸೋಮಾರಿಗಳಲ್ಲ. ಗುರಿ ಬೇರೆ ಬೇರೆ ಆಗಿದೆ, ಅಷ್ಟೇ. "1 ಗಂಟೆಗೆ ಎಲ್ಲಾ ರೂಮ್ ರೆಡಿ" ಎಂಬುದನ್ನು ರಿಸೆಪ್ಷನ್, ಕ್ಲೀನಿಂಗ್, ಲಾಂಡ್ರಿ ಮೂವರ ಗುರಿಯನ್ನಾಗಿ ಬರೆದು ಗೋಡೆಗೆ ಅಂಟಿಸಿ. ಖಾಲಿಯಾದ ರೂಮಿನ ಕೀ ನೇತುಹಾಕಲು ಎಲ್ಲರಿಗೂ ಕಾಣುವ ಒಂದು ಮೊಳೆ ಸಾಕು.

ಗುಂಪು ಚಿಕ್ಕದಿರಲಿ

ಐದು ಜನರಿದ್ದರೆ ಇಬ್ಬಿಬ್ಬರ ನಡುವಿನ ಜೋಡಿಗಳು 10. ಹತ್ತು ಜನರಾದರೆ 45. ಮಾತು ತಪ್ಪಿಹೋಗಲು ಅಷ್ಟು ದಾರಿಗಳು. ಫ್ರಾನ್ಸಿನ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್‌ಮನ್ 1913ರಲ್ಲೇ ತೋರಿಸಿದ್ದ: ಎಳೆಯಲು ಜನ ಜಾಸ್ತಿಯಾದಂತೆ ಒಬ್ಬೊಬ್ಬರ ಪಾಲಿನ ಬಲ ಕಡಿಮೆಯಾಗುತ್ತದೆ. ಹದಿನೈದು ಜನರಿದ್ದರೆ ಮೂರು ಗುಂಪು ಮಾಡಿ. ಒಂದೊಂದಕ್ಕೂ ಒಬ್ಬರು ಜವಾಬ್ದಾರರು.

ಯಾರನ್ನೂ ಕೇಳದೆ ಯಾರು ಏನು ಮಾಡಬಹುದು?

ಯಾರ ಕೆಲಸ ಯಾವುದು ಅಂತ ಬಹಳ ಕಡೆ ಬರೆದಿಟ್ಟಿರುತ್ತಾರೆ. ಯಾವ ತೀರ್ಮಾನ ಯಾರದು ಅಂತ ಬರೆದಿರುವುದಿಲ್ಲ. ಎಡವುವುದು ಇಲ್ಲೇ.

ಜನವರಿ ತಿಂಗಳು, ಕಣದ ತುಂಬ ಕಾಫಿ ಹರಡಿದೆ ಅಂದುಕೊಳ್ಳಿ. ಮಧ್ಯಾಹ್ನ ಮೂರಕ್ಕೆ ಅಕಾಲದಲ್ಲಿ ಮೋಡ ಕಟ್ಟುತ್ತದೆ. ರಾಶಿ ಮಾಡಿ ಟಾರ್ಪಾಲ್ ಹೊದಿಸಬೇಕಾ? ಹೊದಿಸಿ ಮಳೆ ಬರದಿದ್ದರೆ ಅರ್ಧ ದಿನದ ಬಿಸಿಲು ಹೋಯಿತು. ಹೊದಿಸದೆ ಮಳೆ ಬಂದರೆ ಕಾಫಿಗೆ ಬೂಷ್ಟು. ಕೊಯ್ಲಿಗೆ ಹೋದ ಆಳುಗಳನ್ನು ಕರೆಯಲು ರೈಟರ್ (ತೋಟದ ಲೆಕ್ಕ ಬರೆಯುವವರು) ಹೇಳಬೇಕು ಅಂತ ಮೇಸ್ತ್ರಿ ಕಾಯುತ್ತಾರೆ. ರೈಟರ್ ಮೈಸೂರಿಗೆ ಹೋದ ಸಾಹುಕಾರರಿಗೆ ಫೋನ್ ಮಾಡುತ್ತಾರೆ. ನೆಟ್‌ವರ್ಕ್ ಸಿಗಬೇಕಾದರೆ ಗೇಟಿನ ಹತ್ತಿರದ ದಿಬ್ಬಕ್ಕೆ ಹೋಗಬೇಕು. ಅಷ್ಟರಲ್ಲಿ ದಪ್ಪ ಹನಿ ಬಿದ್ದೇಬಿಟ್ಟಿತು.

ಮೋಡ ನೋಡಿ ಮುಚ್ಚುವ ತೀರ್ಮಾನ ಕಣದಲ್ಲಿ ನಿಂತವರದ್ದೇ ಆಗಿರಬೇಕು. "ತಪ್ಪಾದರೂ ನಾನು ಬೈಯುವುದಿಲ್ಲ" ಅಂತ ಮೊದಲೇ, ಎಲ್ಲರ ಎದುರು ಹೇಳಿಬಿಡಿ. ಹೇಳಿದ ಮೇಲೆ ನಡೆದುಕೊಳ್ಳಿ ಕೂಡ. ಮೊದಲ ಸಲ ಸುಮ್ಮನೆ ಮುಚ್ಚಿದ್ದಕ್ಕೆ ನೀವು ಮುಖ ಗಂಟಿಕ್ಕಿದರೆ ಮುಗಿಯಿತು, ಮುಂದಿನ ಸಲ ಫೋನೇ ಬರುತ್ತದೆ. ಹೋಮ್‌ಸ್ಟೇಯಲ್ಲೂ ಹೀಗೆಯೇ. ಬಿಲ್ಲಿನಲ್ಲಿ ಎಷ್ಟು ಬಿಡಬಹುದು, ಚೆಕ್-ಔಟ್ ಎಷ್ಟು ಹೊತ್ತು ತಡವಾದರೆ ಪರವಾಗಿಲ್ಲ, ಪ್ಲಂಬರನ್ನು ಯಾರು ಕರೆಸಬಹುದು, ಇಷ್ಟು ಬರೆದಿಟ್ಟರೆ ನಿಮ್ಮ ಫೋನಿಗೂ ವಿಶ್ರಾಂತಿ.

ಕೆಟ್ಟ ಸುದ್ದಿ ಬೇಗ ಬರುವಂತೆ ನೋಡಿಕೊಳ್ಳಿ

ಹಾರ್ವರ್ಡ್‌ನ ಏಮಿ ಎಡ್ಮಂಡ್ಸನ್ ಆಸ್ಪತ್ರೆಗಳ ನರ್ಸ್ ತಂಡಗಳನ್ನು ಅಧ್ಯಯನ ಮಾಡಿದಾಗ ವಿಚಿತ್ರವೊಂದು ಕಂಡಿತು. ಚೆನ್ನಾಗಿ ಹೊಂದಿಕೊಂಡ ತಂಡಗಳ ಲೆಕ್ಕದಲ್ಲೇ ತಪ್ಪುಗಳು ಜಾಸ್ತಿ. ಅವರು ಹೆಚ್ಚು ತಪ್ಪು ಮಾಡುತ್ತಿದ್ದರು ಅಂತಲ್ಲ, ಹೆದರದೆ ಹೇಳುತ್ತಿದ್ದರು. ಮುಂದೆ ಗೂಗಲ್ ತನ್ನದೇ 180 ತಂಡಗಳನ್ನು ಪರೀಕ್ಷಿಸಿದಾಗಲೂ ಅದೇ ಗುಣ ಮೇಲೆ ಬಂತು. ತಂಡದಲ್ಲಿ ಎಂಥ ಬುದ್ಧಿವಂತರಿದ್ದಾರೆ ಎಂಬುದಕ್ಕಿಂತ ಅವರು ಒಬ್ಬರ ಜೊತೆ ಒಬ್ಬರು ಹೇಗಿರುತ್ತಾರೆ ಎಂಬುದೇ ದೊಡ್ಡದಾಗಿತ್ತು.

ನಮ್ಮಲ್ಲಿ? ಗೀಸರ್ ಕೆಟ್ಟಿರುವುದು ಹುಡುಗನಿಗೆ ಹಿಂದಿನ ಸಂಜೆಯೇ ಗೊತ್ತಿರುತ್ತದೆ. ಮಾಲೀಕರಿಗೆ ಗೊತ್ತಾಗುವುದು ಬೆಳಿಗ್ಗೆ ಆರಕ್ಕೆ, ಅತಿಥಿಯ ಬಾಯಿಂದ. ಡಿಸೆಂಬರ್ ಚಳಿಯಲ್ಲಿ! ಹೇಳಿದರೆ "ನೀನೇ ಏನೋ ಮಾಡಿರಬೇಕು" ಅನ್ನಿಸಿಕೊಳ್ಳುವ ಭಯ ಅವನಿಗೆ. ಹಾಗಾಗಿ ಯಾರಾದರೂ ಕೆಟ್ಟ ಸುದ್ದಿ ತಂದಾಗ ಬಾಯಿಂದ ಬರುವ ಮೊದಲ ಮಾತು "ಹೇಳಿದ್ದು ಒಳ್ಳೆಯದಾಯ್ತು, ಈಗ ಏನು ಮಾಡೋಣ?" ಅಂತಿರಲಿ. ಯಾಕಾಯ್ತು ಎಂಬುದು ಸಂಜೆಗೆ.

ಕೊಡಗಿನಲ್ಲಿ ಇದಕ್ಕೆ ಇನ್ನೊಂದು ತೊಡಕಿದೆ. ಒಂದೇ ಅಡುಗೆಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಅಸ್ಸಾಂ ಹುಡುಗರ ಹಿಂದಿ ಎಲ್ಲವೂ ನಡೆಯುತ್ತದೆ. ಅರ್ಥವಾಗದವರು ಕೇಳಲು ನಾಚಿ "ಹೂಂ" ಅಂದುಬಿಡುತ್ತಾರೆ. "ಗೊತ್ತಾಯ್ತಾ?" ಅಂತ ಕೇಳಬೇಡಿ, ಹೌದು ಅಂತಲೇ ಬರುತ್ತದೆ. "ಈಗ ನೀನು ಏನು ಮಾಡ್ತೀಯ, ಹೇಳು" ಅನ್ನಿ.

ದಿನಕ್ಕೆ ಹತ್ತು ನಿಮಿಷ, ನಿಂತುಕೊಂಡೇ

ಬೆಳಗಿನ ಕಾಫಿ ಹೊತ್ತಿಗೆ ಮೂರು ಪ್ರಶ್ನೆ. ನಿನ್ನೆ ಎಲ್ಲಿ ಸಿಕ್ಕಿಕೊಂಡಿತು? ಇವತ್ತು ವಿಶೇಷ ಏನಿದೆ? ಯಾರಿಗೆ ಕೈ ಬೇಕು? ಮಾಲೀಕರು ಕೊನೆಗೆ ಮಾತಾಡಿ. ಮೊದಲು ಮಾತಾಡಿದರೆ ಉಳಿದವರು ತಲೆಯಾಡಿಸುತ್ತಾರೆ ಅಷ್ಟೇ. ಭಾಷಣ ಬೇಡವೇ ಬೇಡ.

ರಜೆಯ ಲೆಕ್ಕ ಮಳೆಗಾಲದಲ್ಲೇ ಮುಗಿಸಿ

ಟೀಮ್ ಮುರಿಯುವುದು ಸಾಮಾನ್ಯವಾಗಿ ರಜೆ ವಿಷಯದಲ್ಲಿ. ಕೈಲ್‌ಪೊಳ್ದ್, ಓಣಂ, ಕಾವೇರಿ ಸಂಕ್ರಮಣ, ದಸರಾ, ಪುತ್ತರಿ (ಭತ್ತದ ಸುಗ್ಗಿ ಹಬ್ಬ), ರಂಜಾನ್, ಬೇಸಿಗೆಯಲ್ಲಿ ಕೊಡವ ಮನೆತನಗಳ ನಡುವಿನ ಕೌಟುಂಬಿಕ ಹಾಕಿ. ಪುತ್ತರಿ ಬರುವುದು ಅರೇಬಿಕಾ ಕಾಫಿ ಕೊಯ್ಲಿನ ನಡುವೆ, ಪ್ರವಾಸಿಗಳ ಸೀಸನ್ನಲ್ಲಿ. ದಿನ, ಮುಹೂರ್ತ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ನಿಶ್ಚಯವಾಗುವವರೆಗೆ ಕಾಯುತ್ತಾ ಕೂರಬೇಡಿ. ನವೆಂಬರ್-ಡಿಸೆಂಬರಿನ ಹುಣ್ಣಿಮೆಯ ಆಸುಪಾಸನ್ನು ಕ್ಯಾಲೆಂಡರ್‌ನಲ್ಲಿ ಮೊದಲೇ ಗುರುತು ಹಾಕಿ. ಪುತ್ತರಿಗೆ ಹೋಗುವವರ ಕೆಲಸ ನೋಡಿಕೊಂಡವರಿಗೆ ಅವರ ಹಬ್ಬದ ರಜೆ ಖಚಿತ. ಇದನ್ನು ಜೂನ್‌ನಲ್ಲೇ, ಎಲ್ಲರೂ ಕೂತು ಮಾಡಬೇಕು.

ಮಳೆಗಾಲದಲ್ಲಿ ರೂಮ್ ಖಾಲಿ ಇರುವಾಗಲೇ ಒಬ್ಬರ ಕೆಲಸ ಇನ್ನೊಬ್ಬರಿಗೆ ಕಲಿಸಿ. ಹಾಕಿಯಲ್ಲಿ ಆಟದ ನಡುವೆ ಆಟಗಾರರನ್ನು ಬದಲಾಯಿಸುತ್ತಲೇ ಇರುತ್ತಾರೆ, ಬೆಂಚಿನಲ್ಲಿರುವವನಿಗೂ ಆಟ ಗೊತ್ತಿರಬೇಕು ಅಲ್ವಾ? ಜನರೇಟರ್ ಹಾಕಲು, ಬುಕಿಂಗ್ ನೋಡಲು, ಕಡುಬು ಬೇಯಿಸಲು ಕನಿಷ್ಠ ಇಬ್ಬಿಬ್ಬರಿಗೆ ಬರಲಿ.

ಟಿಪ್ಸ್ ಯಾರಿಗೆ?

ಸಣ್ಣ ವಿಷಯದಂತೆ ಕಾಣುತ್ತದೆ. ಆದರೆ ಬ್ಯಾಗ್ ಎತ್ತಿಕೊಟ್ಟವನ ಕೈಗೆ 500 ರೂಪಾಯಿ ಬಂದಾಗ, ಒಳಗೆ ಹೊಗೆಯಲ್ಲಿ ಪಂದಿ ಕರಿ (ಹಂದಿಮಾಂಸದ ಸಾರು) ಬೇಯಿಸಿದ ಅಕ್ಕನಿಗೆ ಏನನ್ನಿಸುತ್ತದೆ? ಅವರನ್ನು ಅತಿಥಿ ನೋಡಿಯೇ ಇರುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಟಿಪ್ಸ್ ಎಲ್ಲವೂ ಒಂದೇ ಡಬ್ಬಿಗೆ ಬೀಳಬೇಕು. ತಿಂಗಳ ಕೊನೆಗೆ ಎಲ್ಲರ ಎದುರು ತೆರೆದು, ಕೆಲಸಕ್ಕೆ ಬಂದ ದಿನಗಳ ಲೆಕ್ಕದಲ್ಲಿ ಹಂಚಬೇಕು. ಮಾಲೀಕರ ಕೈ ಅದಕ್ಕೆ ತಾಗಬಾರದು. 'ತಿಂಗಳ ಉತ್ತಮ ಕೆಲಸಗಾರ' ಎಂಬ ಫೋಟೋ ಹಾಕುವ ಪದ್ಧತಿಯೂ ನನಗೆ ಅಷ್ಟಕ್ಕಷ್ಟೇ. ಒಬ್ಬರ ಫೋಟೋ, ಉಳಿದವರಿಗೆ ಬೇಜಾರು.

ಜಗಳ ಆದರೆ ಗಾಬರಿ ಬೇಡ

ಹೊಸ ತಂಡದಲ್ಲಿ ಮೊದಲು ಪರಿಚಯ, ಆಮೇಲೆ ತಿಕ್ಕಾಟ, ನಂತರ ಹೊಂದಾಣಿಕೆ, ಕೊನೆಗೆ ಜೋರಾದ ಕೆಲಸ ಅಂತ ಮನಶ್ಶಾಸ್ತ್ರಜ್ಞ ಬ್ರೂಸ್ ಟಕ್‌ಮನ್ 1965ರಲ್ಲೇ ಬರೆದಿದ್ದರು. ಹಾಗಾಗಿ ಜಗಳವಾಡಿದ ಇಬ್ಬರನ್ನೂ ಒಟ್ಟಿಗೆ ಕೂರಿಸಿ, ಕೆಲಸದ ಬಗ್ಗೆ ಮಾತ್ರ ಮಾತಾಡಿಸಿ. ಮನೆತನ, ಊರು, ಭಾಷೆ ಎಳೆದು ತಂದರೆ ಅಲ್ಲೇ ನಿಲ್ಲಿಸಿ.

ಕೊನೆಯದು: ಎರಡು ದಿನ ಊರು ಬಿಡಿ

ಮೊದಲು ಮಂಗಳವಾರ, ಬುಧವಾರದಂಥ ಸಾದಾ ದಿನ. ಯಾರಾದರೂ ಫೋನ್ ಮಾಡಿದರೆ ಏನು ಕೇಳಿದರು ಅಂತ ಬರೆದುಕೊಳ್ಳಿ. ಗ್ಯಾಸ್ ಸಿಲಿಂಡರ್ ತರಿಸಲಾ, ಹೆಚ್ಚುವರಿ ಹಾಸಿಗೆಗೆ ಎಷ್ಟು ಹೇಳಲಿ, ಕೀ ಎಲ್ಲಿದೆ. ನೀವು ಇನ್ನೂ ಬಿಟ್ಟುಕೊಡದ ತೀರ್ಮಾನಗಳ ಪಟ್ಟಿ ಇದೇ. ವಾಪಸ್ ಬಂದು ಒಂದೊಂದನ್ನೂ ಒಬ್ಬೊಬ್ಬರ ಹೆಸರಿಗೆ ಬರೆಯಿರಿ. ಮುಂದಿನ ತಿಂಗಳು ಒಂದು ಶನಿವಾರ, ಭಾನುವಾರ ಹೋಗಿ ಬನ್ನಿ.