ಗೆಳೆಯರಿಗೆ ಕಥೆ ಹೇಳುವಾಗ ಎಷ್ಟು ವಿವರ ಸಾಕು?

ವಿವರ ಜಾಸ್ತಿಯಾದರೆ ಕಥೆ ಕೊರೆತವಾಗುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಅದು ಪೂರ್ತಿ ಸರಿಯಲ್ಲ. ಒಬ್ಬರ ಕಥೆಗೆ ಬೇಸರಪಟ್ಟ ಗೆಳೆಯರ ಗುಂಪೇ ಇನ್ನೊಬ್ಬರು ಹತ್ತು ನಿಮಿಷ ಮಾತಾಡಿದರೂ ಫೋನ್ ಮುಟ್ಟದೆ ಕೇಳುತ್ತದೆ. ವ್ಯತ್ಯಾಸ ಇರುವುದು ವಿವರ ಎಲ್ಲಿ ಬಿದ್ದಿದೆ ಎಂಬುದರಲ್ಲಿ. ಹೆಚ್ಚಿನವರು ಶುರುವಿನಲ್ಲಿ ಯಾವ ದಿನ, ಯಾವ ದಾರಿ, ಯಾರ್ಯಾರಿದ್ದರು ಎಂದು ಎಳೆದೂ ಎಳೆದು, ಅಸಲಿ ಘಟನೆ ಬರುವ ಹೊತ್ತಿಗೆ ಎರಡು ವಾಕ್ಯದಲ್ಲಿ ಮುಗಿಸಿಬಿಡುತ್ತಾರೆ. ಆಗಬೇಕಾದದ್ದು ಇದರ ಉಲ್ಟಾ.

ತಿರುವು ಗೊತ್ತಿಲ್ಲದೆ ಶುರುಮಾಡಬೇಡಿ

ಬಾಯಿ ತೆರೆಯುವ ಮುಂಚೆ ಕಥೆಯ ತಿರುವನ್ನು ಮನಸ್ಸಿನಲ್ಲೇ ಒಂದು ವಾಕ್ಯ ಮಾಡಿಕೊಳ್ಳಿ. ಯಾವ ಗಳಿಗೆಯಲ್ಲಿ ನಗು ಬರಬೇಕು, ಅಥವಾ ಎದೆ ಧಸಕ್ ಅನ್ನಬೇಕು? ಆ ವಾಕ್ಯ ಸಿಗದಿದ್ದರೆ ಕಥೆ ಇನ್ನೂ ಹಣ್ಣಾಗಿಲ್ಲ, ಇವತ್ತು ಬಿಟ್ಟುಬಿಡಿ. ಸಿಕ್ಕರೆ ಪ್ರತಿ ವಿವರಕ್ಕೂ ಒಂದೇ ಪ್ರಶ್ನೆ ಹಾಕಿ: ಇದನ್ನು ತೆಗೆದರೂ ತಿರುವು ಅರ್ಥವಾಗುತ್ತದೆಯೇ? ಆಗುತ್ತದೆ ಅಂದರೆ ತೆಗೆಯಿರಿ.

ಒಂದು ಕಥೆ ಹಿಡಿದು ನೋಡೋಣ. ಒಬ್ಬಾತ ರಾತ್ರಿ ಮನೆಗೆ ಬರುತ್ತಾನೆ, ಬೀಗ ತೆರೆಯುವುದಿಲ್ಲ. ರಿಪೇರಿಯವನನ್ನು ಕರೆಸಿ ಬೀಗ ಒಡೆಸಿದರೆ ಅದು ಅವನ ಮನೆಯೇ ಅಲ್ಲ, ಕೆಳಗಿನ ಮಹಡಿಯದ್ದು. ಇದಕ್ಕೆ ಬೇಕಾದ ವಿವರ ಮೂರೇ: ಮನೆ ಬದಲಾಯಿಸಿ ಎರಡೇ ದಿನವಾಗಿತ್ತು, ಸಾಮಾನು ಇನ್ನೂ ಬಂದಿರಲಿಲ್ಲ, ಲಿಫ್ಟಿನಲ್ಲಿ ಅವನ ಕಣ್ಣು ಫೋನಿನ ಮೇಲಿತ್ತು. ಎಲ್ಲಿಂದ ಬರುತ್ತಿದ್ದ, ಹಳೆ ಮನೆ ಯಾಕೆ ಬಿಟ್ಟ, ರಿಪೇರಿಯವನ ನಂಬರ್ ಯಾರು ಕೊಟ್ಟರು, ಇದ್ಯಾವುದೂ ಬೇಡ. ಹೇಳಿದಾಗ ಹೀಗಿರುತ್ತದೆ:

"ಮನೆ ಬದಲಾಯಿಸಿ ಎರಡು ದಿನ ಆಗಿತ್ತಷ್ಟೆ. ಸಾಮಾನು ಬಂದಿಲ್ಲ, ಮನೇಲಿರೋದು ಒಂದು ಚಾಪೆ. ರಾತ್ರಿ ಹನ್ನೊಂದಕ್ಕೆ ಬಂದು, ಫೋನ್ ನೋಡ್ತಾ ಲಿಫ್ಟ್ ಹತ್ತಿ, ಇಳಿದು, ಬಾಗಿಲ ಹತ್ರ ಹೋದ. ಕೀ ಹಾಕ್ತಾನೆ, ತಿರುಗ್ತಿಲ್ಲ. ಎಳೀತಾನೆ. ಒದೀತಾನೆ. ಊಹೂಂ. ಬೀಗದವನನ್ನ ಕರೆಸಿದ. ಅವನು ಮುಕ್ಕಾಲು ಗಂಟೆ ಗುದ್ದಾಡಿ, 'ಒಳ್ಳೆ ಗಟ್ಟಿ ಬೀಗ ಹಾಕ್ಸಿದೀರ ಸಾರ್' ಅಂದ. ಕೊನೆಗೂ ತೆರೀತು. ಲೈಟ್ ಹಾಕಿದ್ರೆ ಎದುರಿಗೆ ಸೋಫಾ."

ಅಲ್ಲಿ ಬಾಯಿ ಮುಚ್ಚಿ. ಒಂದೆರಡು ಸೆಕೆಂಡ್ ಸುಮ್ಮನಿರಿ, ಉಳಿದದ್ದನ್ನು ಕೇಳುಗರೇ ಜೋಡಿಸಿಕೊಳ್ಳುತ್ತಾರೆ.

ಚಾಪೆಯನ್ನು ಗಮನಿಸಿ. ಅದನ್ನು ಮೊದಲೇ ಹೇಳಿರದಿದ್ದರೆ ಕೊನೆಯಲ್ಲಿ "ಅವನ ಮನೇಲಿ ಸೋಫಾ ಇರ್ಲಿಲ್ಲ, ಯಾಕಂದ್ರೆ ಸಾಮಾನು..." ಎಂದು ವಿವರಿಸಬೇಕಾಗುತ್ತಿತ್ತು, ನಗು ಅಲ್ಲೇ ಸಾಯುತ್ತಿತ್ತು. "ಅಯ್ಯೋ, ಒಂದು ಹೇಳೋದು ಮರೆತೆ" ಎಂಬ ಮಾತು ತಿರುವಿನ ಹತ್ತಿರ ಬಂತೆಂದರೆ ಬೇಕಾದ ವಿವರ ಜಾಗ ತಪ್ಪಿದೆ ಎಂದೇ ಲೆಕ್ಕ. ಫೋನ್ ನೋಡುತ್ತಿದ್ದ ವಿವರದ್ದು ಬೇರೆ ಅಪಾಯ. "ಯಾವ ಮಹಡಿ ಅಂತಾನೂ ನೋಡ್ಲಿಲ್ಲ" ಎಂದು ಒತ್ತಿ ಹೇಳಿದರೆ ಚುರುಕು ಕೇಳುಗ ಅಲ್ಲೇ ಊಹಿಸಿಬಿಡುತ್ತಾನೆ. ಇಂಥದ್ದನ್ನು ನಾಲ್ಕು ಕ್ರಿಯೆಗಳ ನಡುವೆ, ಸ್ವರ ಏರಿಸದೆ ತೂರಿಸಬೇಕು.

ಬೀಗದವನ ಮಾತು ಮಾತ್ರ ನಮ್ಮ ಪರೀಕ್ಷೆಯಲ್ಲಿ ಫೇಲಾಗುತ್ತದೆ. ಅದಿಲ್ಲದೆಯೂ ತಿರುವು ಅರ್ಥವಾಗುತ್ತದೆ. ಆದರೂ ಅದು ಇರಬೇಕು: ಸೋಫಾ ಕಂಡ ಮೇಲೆ ಹಿಂತಿರುಗಿ ನೆನೆದರೆ ಆ ಹೊಗಳಿಕೆ ಇನ್ನಷ್ಟು ನಗಿಸುತ್ತದೆ. ಹೀಗೆ ಎರಡನೇ ಸಲ ಕೆಲಸ ಮಾಡುವ ವಿವರ ಒಂದು ಕಥೆಗೆ ಒಂದೋ ಎರಡೋ ಇದ್ದರೆ ಲಾಭ.

ಅಳತೆ

ಗೆಳೆಯರ ಹರಟೆಯಲ್ಲಿ ಒಂದು ಕಥೆಗೆ ಒಂದೂವರೆ, ಎರಡು ನಿಮಿಷ ಧಾರಾಳ. ಮೇಲಿನದ್ದು ನಿಧಾನವಾಗಿ ಹೇಳಿದರೂ ಒಂದು ನಿಮಿಷ ದಾಟುವುದಿಲ್ಲ. ಯಾರು, ಎಲ್ಲಿ, ಯಾವಾಗ ಎಂಬ ಹಿನ್ನೆಲೆಗೆ ಎರಡು ಮೂರು ವಾಕ್ಯ. ನಾಲ್ಕನೆಯದರೊಳಗೆ ಏನಾದರೂ ಆಗಿರಬೇಕು.

ಹೆಸರುಗಳಲ್ಲಿ ಕಟ್ಟುನಿಟ್ಟಾಗಿರಿ. ಮನಸ್ಸು ಒಂದೇ ಹೊತ್ತಿಗೆ ಹಿಡಿದಿಟ್ಟುಕೊಳ್ಳುವ ಹೊಸ ಸಂಗತಿಗಳು ನಾಲ್ಕರ ಆಸುಪಾಸು ಎಂದು ಮನೋವಿಜ್ಞಾನಿ ನೆಲ್ಸನ್ ಕೋವನ್ 2001ರಲ್ಲಿ ಅಂದಾಜಿಸಿದ್ದರು. ಅದರಲ್ಲಿ ಮೂರು ಜಾಗ ಅಪರಿಚಿತ ಹೆಸರುಗಳಿಗೇ ಹೋದರೆ ಘಟನೆಗೆ ಉಳಿಯುವುದೇನು? ಕೇಳುಗರಿಗೆ ಗೊತ್ತಿಲ್ಲದವರಿಗೆ ಹೆಸರಿನ ಬದಲು ಪಾತ್ರ ಕೊಡಿ: ಪಕ್ಕದ ಮನೆಯವರು, ಅವಳ ಬಾಸ್, ಬೀಗದವನು. ಎರಡಕ್ಕಿಂತ ಹೆಚ್ಚು ಹೊಸ ಹೆಸರು ಬೇಕೇ ಬೇಕು ಅನ್ನುವ ಕಥೆ ಅಪರೂಪ.

ದಿನಾಂಕದ ಜಗಳ ಇನ್ನೊಂದು ಪೀಡೆ. "ಮಂಗಳವಾರ ಅಲ್ವಾ? ಇಲ್ಲ ಇಲ್ಲ, ಬುಧವಾರ, ಯಾಕಂದ್ರೆ ಅವತ್ತು..." ಎಂದು ತಮ್ಮನ್ನು ತಾವೇ ತಿದ್ದಿಕೊಳ್ಳುವವರು ಪ್ರಾಮಾಣಿಕರು, ಒಪ್ಪೋಣ. ಕೋರ್ಟಿನಲ್ಲಿ ಅದು ಬೇಕು, ಹರಟೆಗೆ "ಹೋದ ವಾರ" ಸಾಕು. ಜೊತೆಗಿದ್ದ ಗೆಳೆಯರೇ ಪಕ್ಕದಲ್ಲಿ ಕೂತು ತಿದ್ದತೊಡಗಿದರೆ ವಾದಕ್ಕಿಳಿಯದೆ "ಹೂಂ, ಬುಧವಾರ" ಎಂದು ಮುಂದೆ ಹೋಗಿ.

ಎಲ್ಲಿ ಓಡಬೇಕು, ಎಲ್ಲಿ ನಿಲ್ಲಬೇಕು

ಓಡಲು ಕನ್ನಡದಲ್ಲಿ ಒಳ್ಳೆ ಅನುಕೂಲವಿದೆ. "ಎದ್ದು, ರೆಡಿಯಾಗಿ, ಬಸ್ ಹಿಡಿದು, ಅಲ್ಲಿಗೆ ಹೋದ್ರೆ" ಎಂದರೆ ಎರಡು ಗಂಟೆ ಒಂದೇ ಉಸಿರಿನಲ್ಲಿ ಮುಗಿಯುತ್ತದೆ, ಕೊನೆಯ "ಹೋದ್ರೆ" ಕೇಳುಗರ ಕಿವಿಯನ್ನು ನೆಟ್ಟಗೆ ಮಾಡುತ್ತದೆ. ತಿರುವು ಹತ್ತಿರವಾದಾಗ ಈ ಸರಪಳಿ ಬಿಡಿ. ಕ್ರಿಯೆಗಳನ್ನು ಒಂದೊಂದಾಗಿ, ವರ್ತಮಾನದಲ್ಲಿ ಹೇಳಿ: ಕೀ ಹಾಕ್ತಾನೆ. ಎಳೀತಾನೆ. ಒದೀತಾನೆ. ಇಲ್ಲಿ ವಿವರಕ್ಕೆ ಜಿಪುಣತನ ಬೇಡ. ಯಾರ ಕೈ ಎಲ್ಲಿತ್ತು, ಮುಖ ಹೇಗಾಯಿತು, ಯಾರು ಅಕ್ಷರಶಃ ಏನೆಂದರು, ಎಲ್ಲವೂ ಬರಲಿ. "ಅವನಿಗೆ ಸಿಟ್ಟು ಬಂತು" ಎಂಬುದಕ್ಕಿಂತ ಅವನ ಬಾಯಿಂದ ಬಂದ ನಾಲ್ಕು ಪದ ಮೇಲು. ಆದರೆ ನೇರ ಮಾತು ಎಲ್ಲೆಂದರಲ್ಲಿ ಬಂದು "ನಾನಂದೆ, ಅವಳಂದ್ಲು, ಆಮೇಲೆ ನಾನಂದೆ" ಎಂದು ಹರಿದರೆ ಅದೂ ಕೊರೆತವೇ. ಒಂದು ಕಥೆಗೆ ಎರಡು ಮೂರು ಮಾತುಗಳನ್ನಷ್ಟೇ ಹಾಗೆ ಹೇಳಿ.

ಕಡಿಮೆಯಾದರೂ ಕೆಡುತ್ತದೆ. "ಹೋದ್ವಿ, ಏನೇನೋ ಆಯ್ತು, ಸಖತ್ ನಕ್ವಿ" ಅಂದರೆ ಕೇಳುಗರಿಗೆ ನಗಲು ಏನೂ ಸಿಗುವುದಿಲ್ಲ. "ನೀವೂ ಅಲ್ಲಿರ್ಬೇಕಿತ್ತು" ಎಂದು ಮುಗಿಯುವ ಕಥೆಗಳ ರೋಗ ಬಹುಪಾಲು ಇದೇ. ಭಾಷಾವಿಜ್ಞಾನಿ ವಿಲಿಯಂ ಲಬೋವ್ ಮತ್ತು ಜೋಶುವಾ ವಾಲೆಟ್ಸ್‌ಕಿ 1967ರಲ್ಲಿ ಜನ ಬಾಯಿಮಾತಿನಲ್ಲಿ ಹೇಳುವ ಅನುಭವಗಳನ್ನು ಬಿಡಿಸಿ ನೋಡಿದಾಗ ಹಿನ್ನೆಲೆ, ಘಟನೆ, ಪರಿಣಾಮಗಳ ಜೊತೆಗೆ ಇನ್ನೊಂದು ಅಂಗವನ್ನೂ ಗುರುತಿಸಿದ್ದರು: ಇದನ್ನು ಯಾಕೆ ಹೇಳುತ್ತಿದ್ದೇನೆ ಎಂಬುದನ್ನು ತೋರಿಸುವ ಭಾಗ. ಬಡಕಲು ಕಥೆಯಲ್ಲಿ ಕಾಣೆಯಾಗಿರುವುದು ಅದು. ಸರಿಪಡಿಸಲು ಇಡೀ ಕಥೆಯನ್ನು ಉದ್ದ ಮಾಡಬೇಕಿಲ್ಲ, ತಿರುವಿನ ಹತ್ತಿರ ಕಣ್ಣಿಗೆ ಕಟ್ಟುವ ಒಂದು ವಸ್ತು, ಕಿವಿಗೆ ಬೀಳುವ ಒಂದು ಮಾತು ಸೇರಿಸಿ.

ಕೇಳುಗರ ಪ್ರಶ್ನೆಯಲ್ಲೇ ಉತ್ತರವಿದೆ

"ಆಮೇಲೆ?" ಅಂದರೆ ಅಳತೆ ಸರಿಯಿದೆ. "ಯಾರು? ಯಾವ ಮನೆ?" ಎಂದು ಹಿಂದಿನದನ್ನು ಕೇಳಿದರೆ ಹಿನ್ನೆಲೆ ಸಾಲದಾಗಿದೆ, ಒಂದು ವಾಕ್ಯದಲ್ಲಿ ತುಂಬಿಸಿ. "ಸರಿ ಸರಿ", "ಹೂಂ ಹೂಂ" ಬೇಗ ಬೇಗ ಬರತೊಡಗಿದರೆ ವಿವರ ಹೆಚ್ಚಾಗಿದೆ, ಅವರು ನಿಮ್ಮನ್ನು ಮುಂದಕ್ಕೆ ತಳ್ಳುತ್ತಿದ್ದಾರೆ. ಆಗ ಕ್ಷಮೆ ಕೇಳುತ್ತಾ ಕೂರದೆ "ಇರ್ಲಿ, ಅದೆಲ್ಲ ಬಿಡಿ, ಬಾಗಿಲ ಹತ್ರ ಹೋದ್ರೆ..." ಎಂದು ನೇರ ತಿರುವಿನ ಅಂಚಿಗೆ ಹಾರಿ. ಉಪಕಥೆಯೊಳಗೆ ಸಿಕ್ಕಿಕೊಂಡವರಿಗೂ ಇದೇ ಮದ್ದು. ಅರ್ಧಕ್ಕೆ ಬಿಟ್ಟ ಉಪಕಥೆಯನ್ನು ಯಾರೂ ವಾಪಸ್ ಕೇಳುವುದಿಲ್ಲ, ಪರೀಕ್ಷಿಸಿ ನೋಡಿ.

ಕೆಲವೊಮ್ಮೆ ತಪ್ಪು ಹೇಳುವವರದ್ದಲ್ಲ. ಕೆನಡಾದ ಮನೋವಿಜ್ಞಾನಿ ಜಾನೆಟ್ ಬಾವೆಲಾಸ್ ಮತ್ತು ಸಂಗಡಿಗರು 2000ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಕೆಲವು ಕೇಳುಗರಿಗೆ, ಒಂದು ಅಕ್ಷರದಿಂದ ಶುರುವಾಗುವ ಪದಗಳನ್ನು ಎಣಿಸುತ್ತಾ ಕೇಳಿ ಎಂದು ಹೇಳಲಾಗಿತ್ತು. ಗಮನ ಬೇರೆಡೆ ಇದ್ದ ಅಂಥವರ ಮುಂದೆ ಹೇಳುವವರೇ ತಡವರಿಸಿದರು, ಅದರಲ್ಲೂ ಮುಖ್ಯವಾಗಿ ಕಥೆಯ ರೋಚಕ ಕೊನೆಯಲ್ಲಿ. ಹಾಗಾಗಿ ಎಲ್ಲರೂ ಫೋನಿನಲ್ಲಿ ಮುಳುಗಿರುವಾಗ ಒಳ್ಳೆ ಕಥೆ ಖರ್ಚು ಮಾಡಬೇಡಿ.

ಅಳತೆ ಬದಲಾಗುವ ಸಂದರ್ಭಗಳು

ಕಷ್ಟ ಹೇಳಿಕೊಳ್ಳುವಾಗ ಈ ಕತ್ತರಿ ಒಳಗಿಡಿ. ಆಪ್ತ ಗೆಳತಿಗೆ ಮನಸ್ಸು ಬಿಚ್ಚುವಾಗ ದಾರಿ ತಪ್ಪಿದ ವಿವರವೂ ಹಗುರಾಗುವುದರ ಭಾಗ. ಸಲಹೆ ಬೇಕಿದ್ದರೆ ಮಾತ್ರ ಲೆಕ್ಕ ಬೇರೆ: ಯಾವುದರ ನಂತರ ಯಾವುದಾಯಿತು, ಯಾರು ಏನೆಂದರು ಎಂಬುದು ಪೂರ್ತಿ ಬರಬೇಕು, ನೀವು ಅಂದದ್ದೂ ಸೇರಿ. ಜನ ಸಾಮಾನ್ಯವಾಗಿ ಕತ್ತರಿಸುವುದು ತಮ್ಮ ಮಾತನ್ನೇ. ಆಗ ಸಿಗುವ ಸಲಹೆಯೂ ಅರ್ಧಂಬರ್ಧ.

ಕಥೆಯಲ್ಲಿ ಬೇರೆಯವರ ಕಾಯಿಲೆ, ಸಾಲ, ಸಂಬಂಧದ ವಿಷಯವಿದ್ದರೆ ತಿರುವಿಗೆ ಬೇಕಾದರೂ ಅದು ನಿಮ್ಮದಲ್ಲ. ಗುರುತು ಸಿಗದಂತೆ ಬದಲಾಯಿಸಿ. ಬದಲಾಯಿಸಲಾಗದಿದ್ದರೆ ಬೇರೆ ಕಥೆ ಹೇಳಿ.

ವಾಯ್ಸ್ ಮೆಸೇಜಿನಲ್ಲಿ "ಸರಿ ಸರಿ" ಎಂದು ತಳ್ಳುವವರಿಲ್ಲ. ಎದುರಿಗೆ ಹೇಳುವುದರ ಅರ್ಧಕ್ಕೆ ಇಳಿಸಿ, ಮೊದಲ ವಾಕ್ಯದಲ್ಲೇ ಇದು ತುರ್ತೋ ಬರೀ ಹರಟೆಯೋ ಹೇಳಿಬಿಡಿ. ಎರಡು ನಿಮಿಷ ಮೀರಿದರೆ ಅಳಿಸಿ ಇನ್ನೊಮ್ಮೆ ರೆಕಾರ್ಡ್ ಮಾಡಿ, ಎರಡನೇ ಸಲದ್ದು ಹೆಚ್ಚುಕಡಿಮೆ ಯಾವಾಗಲೂ ಚಿಕ್ಕದಾಗಿಯೇ ಬರುತ್ತದೆ.