ಸೊರಾರಿಟಿಯಲ್ಲಿ ಕಲಿತದ್ದನ್ನು ನಾನ್‌ಪ್ರಾಫಿಟ್ ಕೆಲಸಕ್ಕೆ ಬಳಸಿಕೊಳ್ಳುವುದು ಹೇಗೆ?

ಅಮೆರಿಕದ ಕಾಲೇಜುಗಳಲ್ಲಿ ಹುಡುಗಿಯರು ಸೇರಿಕೊಳ್ಳುವ ಸಂಘ, ಅಂದರೆ ಸೊರಾರಿಟಿ, ಅಂದ ಕೂಡಲೇ ಪಾರ್ಟಿ, ಒಂದೇ ಬಣ್ಣದ ಟೀ ಶರ್ಟು, ಮೆಟ್ಟಿಲ ಮೇಲೆ ಸಾಲಾಗಿ ನಿಂತ ಫೋಟೊ, ಇಷ್ಟೇ ನೆನಪಾಗುತ್ತದೆ. ಅದೂ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳು ಇಡೀ ಚಾಪ್ಟರ್‌ನ, ಅಂದರೆ ತನ್ನ ಕಾಲೇಜಿನ ಶಾಖೆಯ, ಚಂದಾ ವಸೂಲಿ ಮಾಡಿ, ಬಜೆಟ್ ಹಾಕಿ, ಯಾರಿಗೂ ಒಂದು ಡಾಲರ್ ಸಂಬಳ ಕೊಡದೆ ಕೆಲಸ ಮಾಡಿಸಿ, ವರ್ಷದ ಕೊನೆಗೆ ಎಲ್ಲವನ್ನೂ ಮುಂದಿನವಳ ಕೈಗೆ ಒಪ್ಪಿಸಿ ಹೋಗುತ್ತಾಳಲ್ಲ, ನಾನ್‌ಪ್ರಾಫಿಟ್, ಅಂದರೆ ಲಾಭಕ್ಕಲ್ಲದೆ ಸೇವೆಗೆ ನಿಂತ ಸಂಸ್ಥೆ, ನಡೆಸುವುದೂ ಹೆಚ್ಚುಕಡಿಮೆ ಅದೇ. ನೀವೀಗ ಚಾಪ್ಟರ್‌ನಲ್ಲಿದ್ದು, ಮುಂದೆ ಆ ಕಡೆ ಹೋಗುವ ಮನಸ್ಸಿದ್ದರೆ ಇದನ್ನು ಓದಿ.

ಮೊದಲು ಹುದ್ದೆಯ ವಿಷಯ. ಎಲ್ಲರ ಕಣ್ಣು ಪ್ರೆಸಿಡೆಂಟ್ ಕುರ್ಚಿಯ ಮೇಲೆ. ನನ್ನನ್ನು ಕೇಳಿದರೆ ಖಜಾಂಚಿ ಆಗಿ. ರೂಮಿನಲ್ಲಿ ಜೊತೆಗಿರುವ ಗೆಳತಿಯೇ ಎರಡು ತಿಂಗಳ ಚಂದಾ ಬಾಕಿ ಉಳಿಸಿಕೊಂಡಿರುತ್ತಾಳೆ. ಅವಳ ಮನಸ್ಸು ನೋಯಿಸದೆ, ದಾಕ್ಷಿಣ್ಯಕ್ಕೆ ಬಲಿಯಾಗದೆ, ಕಂತು ಮಾಡಿಕೊಟ್ಟು ಹಣ ತರುವುದನ್ನು ಕಲಿತರೆ, ಮುಂದೆ ದಾನಿಯ ಎದುರು ಕೂತು ಇಷ್ಟು ಕೊಡಿ ಅಂತ ಬಾಯಿ ಬಿಟ್ಟು ಕೇಳುವುದು ಅಷ್ಟೇನೂ ಕಷ್ಟವಾಗುವುದಿಲ್ಲ. ಎರಡನೆಯ ಆಯ್ಕೆ ರಿಕ್ರೂಟ್‌ಮೆಂಟ್, ಅಂದರೆ ಹೊಸ ಸದಸ್ಯೆಯರನ್ನು ಆರಿಸಿ ಸೇರಿಸಿಕೊಳ್ಳುವ ಕೆಲಸ. ಗುರುತಿಲ್ಲದವರ ಜೊತೆ ಐದೇ ನಿಮಿಷ ಮಾತಾಡಿ, ಅವರಿಗೆ ಏನು ಇಷ್ಟ ಅಂತ ನೆನಪಿಟ್ಟುಕೊಂಡು, ಬರೆದಿಟ್ಟು, ಮುಂದಿನ ಸುತ್ತಿನಲ್ಲಿ ಅಲ್ಲಿಂದಲೇ ಮಾತು ಎತ್ತುವುದು ಇದೆಯಲ್ಲ, ಫಂಡ್‌ರೈಸಿಂಗ್ ಆಫೀಸಿನವರು ದಿನಾ ಮಾಡುವುದೂ ಅದನ್ನೇ. ಪಾರ್ಟಿಗಳನ್ನು ನೋಡಿಕೊಳ್ಳುವ ಸೋಶಿಯಲ್ ಚೇರ್ ಹುದ್ದೆ ಖುಷಿಯದು, ಇರಲಿ, ಆದರೆ ಈ ದಾರಿಗೆ ಅಷ್ಟು ಉಪಯೋಗವಿಲ್ಲ.

ಇನ್ನು ಬಹಳ ಜನ ಓದದೆ ಬಿಡುವ ಕಾಗದ ಒಂದಿದೆ. ಸೊರಾರಿಟಿಗಳು ಸಾಮಾನ್ಯವಾಗಿ ತೆರಿಗೆ ಕಾನೂನಿನ 501(ಸಿ)(7) ಕೆಳಗೆ, ಅಂದರೆ ಕ್ಲಬ್ಬುಗಳ ಲೆಕ್ಕಕ್ಕೆ ಬರುತ್ತವೆ. ಅವುಗಳ ಫೌಂಡೇಶನ್‌ಗಳು 501(ಸಿ)(3), ಅಂದರೆ ದತ್ತಿ ಸಂಸ್ಥೆ. ಚಾಪ್ಟರ್‌ಗೆ ಕೊಟ್ಟ ಹಣಕ್ಕೆ ದಾನಿಗೆ ತೆರಿಗೆ ರಿಯಾಯಿತಿ ಸಿಗುವುದಿಲ್ಲ, ಫೌಂಡೇಶನ್‌ಗೆ ಕೊಟ್ಟರೆ ಸಿಗುತ್ತದೆ. ಈ ವ್ಯತ್ಯಾಸ ಗೊತ್ತಿಲ್ಲದೆ ರಸೀದಿ ಬರೆದರೆ ಪಜೀತಿ. ವರ್ಷದ ಒಟ್ಟು ಆದಾಯ ಸಾಮಾನ್ಯವಾಗಿ 50,000 ಡಾಲರ್ ಒಳಗಿದ್ದರೆ ತೆರಿಗೆ ಇಲಾಖೆಗೆ 990-ಎನ್ ಅನ್ನುವ ಪುಟ್ಟ ಫಾರ್ಮ್ ಕೊಟ್ಟರೆ ಸಾಕು, ಆದರೆ ಸತತ ಮೂರು ವರ್ಷ ಅದನ್ನೂ ಕೊಡದಿದ್ದರೆ ಸಂಸ್ಥೆಯ ತೆರಿಗೆ ವಿನಾಯಿತಿ ತಾನಾಗಿಯೇ ಹೋಗುತ್ತದೆ. 2011ರಲ್ಲಿ ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್ ಹೀಗೆ ಸುಮಾರು 2,75,000 ಸಂಸ್ಥೆಗಳ ವಿನಾಯಿತಿ ರದ್ದಾಗಿದೆ ಅಂತ ಪಟ್ಟಿ ಹಾಕಿತು! ನಿಮ್ಮ ಚಾಪ್ಟರ್‌ನ ಫಾರ್ಮ್ ಯಾರು ತುಂಬುತ್ತಾರೆ ಅಂತ ಅಡ್ವೈಸರ್ ಹತ್ತಿರ ಕೇಳಿ, ಒಂದು ಸಲ ಪಕ್ಕದಲ್ಲಿ ಕೂತು ನೋಡಿ.

ಫಿಲಾಂತ್ರಪಿ ಕಾರ್ಯಕ್ರಮದ, ಅಂದರೆ ದಾನಕ್ಕೆ ದುಡ್ಡು ಎತ್ತುವ ಕಾರ್ಯಕ್ರಮದ, ಲೆಕ್ಕದಲ್ಲೂ ಸುಮ್ನೆ ಮೋಸ ಹೋಗುತ್ತೇವೆ. 6,000 ಡಾಲರ್ ಬಂತು ಅಂತ ದೊಡ್ಡ ಚೆಕ್ ಹಿಡಿದು ಫೋಟೊ ತೆಗೆಸಿಕೊಂಡಿರುತ್ತೇವೆ, ಟೀ ಶರ್ಟು, ಊಟ, ಮೈಕು ಎಲ್ಲ ಸೇರಿ 4,000 ಖರ್ಚಾಗಿರುತ್ತದೆ. ಉಳಿದದ್ದು 2,000. ಆ ಅಂಕಿಯನ್ನೇ ಬರೆದಿಡಿ. ಕೊಟ್ಟವರಲ್ಲಿ ನಮ್ಮದೇ ಅಪ್ಪ ಅಮ್ಮಂದಿರು ಎಷ್ಟು ಜನ, ಹೊರಗಿನವರು ಎಷ್ಟು ಜನ, ಹೋದ ವರ್ಷ ಕೊಟ್ಟವರು ಈ ವರ್ಷವೂ ಕೊಟ್ಟರಾ, ಅದನ್ನೂ ಬರೆಯಿರಿ. ಚೆಕ್ ಕಳಿಸಿ ಕೈ ತೊಳೆದುಕೊಳ್ಳಬೇಡಿ. ಚೈ ಒಮೇಗಾ ಸೊರಾರಿಟಿಯವರು ಕಾಯಿಲೆಯ ಮಕ್ಕಳ ಆಸೆ ಈಡೇರಿಸುವ ಮೇಕ್-ಎ-ವಿಶ್‌ಗೆ, ಆಲ್ಫಾ ಡೆಲ್ಟಾ ಪೈ ಸೊರಾರಿಟಿಯವರು ಆಸ್ಪತ್ರೆಯಲ್ಲಿರುವ ಮಕ್ಕಳ ಮನೆಯವರಿಗೆ ತಂಗಲು ಜಾಗ ಕೊಡುವ ರೊನಾಲ್ಡ್ ಮೆಕ್‌ಡೊನಾಲ್ಡ್ ಹೌಸ್‌ಗೆ ದುಡ್ಡು ಎತ್ತುತ್ತಾರೆ. ಅಂಥ ಸಂಸ್ಥೆಯ ಆಫೀಸಿಗೆ ಹೋಗಿ ಆ ದುಡ್ಡು ಒಳಗೆ ಏನಾಗುತ್ತದೆ ಅಂತ ಕೇಳಿದವರು ಕಡಿಮೆ. ನೀವು ಕೇಳಿ.

ಹಳೆಯ ಕಥೆಯೊಂದು ಇಲ್ಲಿ ಹೇಳಲೇಬೇಕು. ಹೋವರ್ಡ್ ವಿಶ್ವವಿದ್ಯಾಲಯದಲ್ಲಿ 1908ರಲ್ಲಿ ಹುಟ್ಟಿದ, ಕಪ್ಪು ಮಹಿಳೆಯರ ಸೊರಾರಿಟಿ ಆಲ್ಫಾ ಕಪ್ಪಾ ಆಲ್ಫಾ. ಅದರ ಸದಸ್ಯೆಯರು 1935ರ ಬೇಸಿಗೆಯಲ್ಲಿ ಡಾ. ಡೊರೊತಿ ಫೆರೆಬೀ ಜೊತೆ ಮಿಸಿಸಿಪ್ಪಿಗೆ ಹೋಗಿ ಬಡ ಗೇಣಿದಾರರಿಗೆ ಕ್ಲಿನಿಕ್ ನಡೆಸಲು ಹೊರಟರು. ಜಮೀನುದಾರರು ತಮ್ಮ ಆಳುಗಳನ್ನು ಹೊಲ ಬಿಟ್ಟು ಕಳಿಸಲು ಒಪ್ಪಲಿಲ್ಲ. ಇವರು ಸಾಮಾನನ್ನೆಲ್ಲ ಕಾರುಗಳಿಗೆ ತುಂಬಿಕೊಂಡು ಹೊಲಗಳಿಗೇ ಹೋದರು. ಜನ ಬರಲಿಲ್ಲ ಅಂತ ಜನರನ್ನು ದೂರದೆ ಯೋಜನೆಯನ್ನೇ ಬದಲಿಸುವುದು, ಇದಕ್ಕಿಂತ ಒಳ್ಳೆ ಪಾಠ ನನಗೆ ಗೊತ್ತಿಲ್ಲ. ಫೆರೆಬೀ ಮುಂದೆ ಆ ಸೊರಾರಿಟಿಯ ರಾಷ್ಟ್ರೀಯ ಅಧ್ಯಕ್ಷೆಯಾದರು, 1949ರಲ್ಲಿ ಕಪ್ಪು ಮಹಿಳೆಯರ ರಾಷ್ಟ್ರೀಯ ಸಂಘಟನೆಯಾದ ನ್ಯಾಷನಲ್ ಕೌನ್ಸಿಲ್ ಆಫ್ ನೀಗ್ರೊ ವಿಮೆನ್ ಸಂಸ್ಥೆಯ ಅಧ್ಯಕ್ಷೆಯೂ ಆದರು. ಅದೇ ಕುರ್ಚಿಗೆ 1957ರಲ್ಲಿ ಬಂದ ಡೊರೊತಿ ಹೈಟ್ ಸುಮಾರು ನಲವತ್ತು ವರ್ಷ ಅಲ್ಲಿದ್ದರು. ಅವರೂ ಮೊದಲು ಡೆಲ್ಟಾ ಸಿಗ್ಮಾ ಥೀಟಾ ಸೊರಾರಿಟಿಯ ರಾಷ್ಟ್ರೀಯ ಅಧ್ಯಕ್ಷೆಯಾಗಿ ಪಳಗಿದವರೇ. ಈ ಸೊರಾರಿಟಿಗಳಲ್ಲಿ ಪದವಿ ಮುಗಿದವರ ಚಾಪ್ಟರ್‌ಗಳೂ ಗಟ್ಟಿಯಾಗಿವೆ, ಹಾಗಾಗಿ ಕೆಲಸ ಕಾಲೇಜಿಗೇ ಮುಗಿಯುವುದಿಲ್ಲ.

ಮರೆಯಬೇಕಾದದ್ದೂ ಇದೆ. ಎಷ್ಟೋ ಚಾಪ್ಟರ್‌ಗಳಲ್ಲಿ ಕಾರ್ಯಕ್ರಮಕ್ಕೆ ಬಂದರೆ ಪಾಯಿಂಟ್, ಬರದಿದ್ದರೆ ದಂಡ. ಹೊರಗಿನ ಸ್ವಯಂಸೇವಕರಿಗೆ ಯಾವ ದಂಡ ಹಾಕುತ್ತೀರಿ? ಅವರು ಜಗಳವನ್ನೂ ಆಡುವುದಿಲ್ಲ, ಸುಮ್ಮನೆ ಬರುವುದನ್ನು ನಿಲ್ಲಿಸುತ್ತಾರೆ. ಅದಕ್ಕೇ ನಿಮ್ಮ ಅವಧಿಯಲ್ಲಿ ಒಂದು ಕೆಲಸವನ್ನು ಪಾಯಿಂಟ್ ಇಲ್ಲದೆ ಮಾಡಿ ನೋಡಿ. ಎಂಬತ್ತು ಜನರಲ್ಲಿ ಒಂಬತ್ತೇ ಜನ ಬಂದರೂ ಬೇಜಾರು ಬೇಡ. ಆ ಒಂಬತ್ತು ಜನ ಯಾಕೆ ಬಂದರು ಅಂತ ಒಬ್ಬೊಬ್ಬರನ್ನೇ ಕೇಳಿ.

ರೆಸ್ಯೂಮ್‌ನಲ್ಲಿ ಬರೀ ಸೊರಾರಿಟಿಯ ಹೆಸರಿನ ಗ್ರೀಕ್ ಅಕ್ಷರ, ಹುದ್ದೆಯ ಹೆಸರು ಹಾಕಿದರೆ ಓದುವವರಿಗೆ ಏನೂ ಗೊತ್ತಾಗುವುದಿಲ್ಲ. ಎಷ್ಟು ಜನ, ಎಷ್ಟು ಹಣ, ಖರ್ಚು ಕಳೆದು ಎಷ್ಟು, ಏನು ಬದಲಾಯಿತು, ಅದನ್ನು ಬರೆಯಿರಿ. ಇಂಟರ್ವ್ಯೂ ಮಾಡುವವರಲ್ಲಿ ಕೆಲವರಿಗೆ ಸೊರಾರಿಟಿ ಅಂದರೆ ಆಗುವುದಿಲ್ಲ. ಹೇಜಿಂಗ್, ಅಂದರೆ ಹೊಸದಾಗಿ ಸೇರುವವರಿಗೆ ಕೊಡುವ ಕಿರುಕುಳದ ಸುದ್ದಿ ಓದಿರುತ್ತಾರೆ, ದುಡ್ಡಿದ್ದವರ ಕೂಟ ಅಂದುಕೊಂಡಿರುತ್ತಾರೆ, ಅವರದು ಪೂರ್ತಿ ತಪ್ಪೂ ಅಲ್ಲ. ಚಂದಾ ಕಟ್ಟಲಾಗದೆ ಯಾರು ಹೊರಗೆ ಉಳಿದರು, ಅದಕ್ಕೆ ನೀವೇನು ಮಾಡಿದಿರಿ ಅಂತ ಕೇಳಿದರೆ ಪ್ರಾಮಾಣಿಕ ಉತ್ತರ ಇರಲಿ. ಏನೂ ಮಾಡಿಲ್ಲ ಅಂದರೆ ಈಗ ಇನ್ನೂ ಸಮಯ ಇದೆ.

ಕೊನೆಗೆ, ನಾನ್‌ಪ್ರಾಫಿಟ್‌ನಲ್ಲಿರುವ ಹಳೆಯ ಸದಸ್ಯೆಯರನ್ನು ಹುಡುಕಿ, ಕೆಲಸ ಕೇಳದೆ ಇಪ್ಪತ್ತು ನಿಮಿಷ ಕೇಳಿ. ಹೋಗುವ ಮುಂಚೆ ಅವರ ಸಂಸ್ಥೆಯ ಫಾರ್ಮ್ 990, ಅಂದರೆ ತೆರಿಗೆ ಇಲಾಖೆಗೆ ಪ್ರತಿ ವರ್ಷ ಕೊಡುವ ಲೆಕ್ಕ, ಓದಿಕೊಳ್ಳಿ. ಅದು ಯಾರು ಬೇಕಾದರೂ ನೋಡಬಹುದಾದ ದಾಖಲೆ, ಬಂದ ಹಣ, ಖರ್ಚು, ಮೇಲಿನವರ ಸಂಬಳ ಎಲ್ಲ ಅದರಲ್ಲಿ ಇರುತ್ತದೆ. ಹೋದ ವರ್ಷಕ್ಕಿಂತ ದೇಣಿಗೆ ಕಡಿಮೆಯಾಗಿದ್ದರೆ, ಯಾಕೆ ಅಂತ ಅಲ್ಲಿಂದಲೇ ಮಾತು ಶುರು ಮಾಡಿ.